‘ಕಿವಿ ಪಾಸ್’ ಎಂಬ ಚೀಟಿಯೊಂದೇ ಸಾಲದು

ಮಾನ್ಯ ಸಂಪಾದಕರೇ,

‘ಹುಟ್ಟಿದ ತಕ್ಷಣ ಅಳಲಿಲ್ಲ’, ‘ಹತ್ತು ದಿನ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು’, ‘ಕಾಮಾಲೆ ಏರಿ ಲೈಟಿಗೆ ಹಾಕಿದ್ದರು’. ಸೆರೆಬ್ರಲ್ ಪಾಲ್ಸಿ (ಎಳೆಯ ಮೆದುಳಿಗೆ ಪೆಟ್ಟು ಬಿದ್ದು ಮೈಕೈ ಚಲನೆ ಕೆಡುವ ಸ್ಥಿತಿ) ಇರುವ ಮಗುವಿನ ಮನೆಯವರು ಚಿಕಿತ್ಸೆಗೆ ಬಂದಾಗ ಮಾತು ಶುರುವಾಗುವುದು ಬಹುತೇಕ ಇಲ್ಲಿಂದ. ಜೊತೆಗೇ ‘ನರ ವೀಕ್ ಆಗಿದೆಯಂತೆ’ ಎನ್ನುತ್ತಾರೆ. ಪೆಟ್ಟು ಬಿದ್ದಿರುವುದು ಕೈಕಾಲಿನ ನರಕ್ಕಲ್ಲ, ಮೆದುಳಿಗೆ. ಮೆದುಳು ಕೈಕಾಲನ್ನಷ್ಟೇ ಆಡಿಸುವುದಿಲ್ಲ. ಕಿವಿಗೆ ಬಿದ್ದದ್ದನ್ನು ಮಾತಾಗಿ ಗ್ರಹಿಸುವುದು, ಕಣ್ಣಿಗೆ ಬಿದ್ದದ್ದನ್ನು ವಸ್ತುವಾಗಿ ಗುರುತಿಸುವುದು, ತುಟಿ, ನಾಲಿಗೆ, ಉಸಿರನ್ನು ಒಟ್ಟಿಗೆ ಹೊಂದಿಸಿ ನುಡಿಸುವುದೂ ಅದರ ಕೆಲಸವೇ. ಆದರೂ ಅಕ್ಟೋಬರ್ 6ರ ವಿಶ್ವ ಸೆರೆಬ್ರಲ್ ಪಾಲ್ಸಿ ದಿನದ ಭಾಷಣಗಳಿಂದ ಹಿಡಿದು ತಾಲ್ಲೂಕು ಶಿಬಿರಗಳವರೆಗೆ ಕೇಳಿಬರುವುದು ನಡಿಗೆ, ಫಿಸಿಯೋಥೆರಪಿ, ಕ್ಯಾಲಿಪರ್, ಗಾಲಿಕುರ್ಚಿಯ ಮಾತು. ಕಿವಿ, ಕಣ್ಣು, ಮಾತು ‘ಆಮೇಲೆ ನೋಡೋಣ’ ಎಂಬ ಪಟ್ಟಿಗೆ ಹೋಗುತ್ತವೆ. ಆ ‘ಆಮೇಲೆ’ ಬರುವಷ್ಟರಲ್ಲಿ ಮಗುವಿಗೆ ಐದಾರು ವರ್ಷ ತುಂಬಿ, ‘ಬುದ್ಧಿಮಾಂದ್ಯ’ ಎಂದು ಬರೆದ ಕಾಗದ ಕೈಗೆ ಬಂದಿರುತ್ತದೆ. ಸರಿಯಾಗಿ ಕೇಳಿಸದ, ಸರಿಯಾಗಿ ಕಾಣದ, ಹೇಳಬೇಕೆಂದರೂ ಹೇಳಲಾಗದ ಮಗುವನ್ನು ಕೂರಿಸಿ ಬುದ್ಧಿಯ ಪರೀಕ್ಷೆ ಮಾಡಿ ಅಂಕ ಕೊಡುವುದು ಅನ್ಯಾಯ ಎಂದು ಈ ಕೆಲಸದಲ್ಲಿರುವ ನಾವು ಸ್ಪಷ್ಟವಾಗಿ ಹೇಳಬಯಸುತ್ತೇವೆ.

ಮೊದಲು ಕಿವಿಯ ವಿಷಯ, ಏಕೆಂದರೆ ಇಲ್ಲಿ ಒಂದು ಚೀಟಿಯೇ ಮನೆಯವರ ದಾರಿ ತಪ್ಪಿಸುತ್ತಿದೆ. ಹೆರಿಗೆ ಆಸ್ಪತ್ರೆಗಳಲ್ಲಿ ಈಗ ಹಸುಗೂಸಿನ ಕಿವಿ ತಪಾಸಣೆ ಮೊದಲಿಗಿಂತ ಹೆಚ್ಚಾಗಿದೆ, ಅದು ಒಳ್ಳೆಯದೇ. ಸಾಮಾನ್ಯವಾಗಿ ಮಾಡುವುದು ಓಎಇ ಎಂಬ ಪರೀಕ್ಷೆ. ಕಿವಿಯಲ್ಲಿ ಸಣ್ಣ ಮೊನೆಯಿಟ್ಟು ಟಿಕ್ ಟಿಕ್ ಸದ್ದು ಬಿಟ್ಟರೆ, ಒಳಗಿವಿಯ ಶಂಖದಲ್ಲಿರುವ ಹೊರಸಾಲಿನ ರೋಮಕೋಶಗಳು ಅದಕ್ಕೆ ಕ್ಷೀಣವಾದ ಮಾರ್ದನಿ ಕೊಡುತ್ತವೆ. ಮಾರ್ದನಿ ಬಂದರೆ ‘ಪಾಸ್’. ಕೆಲವೇ ನಿಮಿಷದ ಕೆಲಸ, ಮಗುವಿಗೆ ನೋವಿಲ್ಲ. ಆದರೆ ಈ ಪರೀಕ್ಷೆ ನೋಡುವುದು ಶಂಖದವರೆಗೆ ಮಾತ್ರ. ಅಲ್ಲಿಂದ ಮುಂದೆ ಶ್ರವಣನರ, ಮೆದುಳಿನ ಕಾಂಡ ಹೇಗಿವೆ ಎಂಬುದು ಇದಕ್ಕೆ ತಿಳಿಯುವುದಿಲ್ಲ. ಕಾಮಾಲೆಯಲ್ಲಿ ರಕ್ತದಲ್ಲಿ ಏರುವ ಹಳದಿ ಅಂಶವಾದ ಬಿಲಿರುಬಿನ್ ಮೆದುಳಿಗೆ ಇಳಿದಾಗ ಹಾಳು ಮಾಡುವುದು ಆ ಮುಂದಿನ ದಾರಿಯನ್ನೇ. ಶಂಖ ಚೆನ್ನಾಗಿರುತ್ತದೆ, ಓಎಇ ಪಾಸ್ ಆಗುತ್ತದೆ, ಮಗುವಿಗೆ ಮಾತು ಮಾತ್ರ ಸ್ಪಷ್ಟವಾಗಿ ಕೇಳಿಸುವುದಿಲ್ಲ. ಇದನ್ನು ಆಡಿಟರಿ ನ್ಯೂರೋಪತಿ ಎನ್ನುತ್ತಾರೆ. ಉಸಿರುಗಟ್ಟಿ ಹುಟ್ಟಿದ ಮತ್ತು ಅವಧಿಗೆ ಮೊದಲೇ ಹುಟ್ಟಿದ ಮಕ್ಕಳಲ್ಲೂ ಇದು ಬರಬಹುದು. ಇವರ ಮನೆಗಳಲ್ಲಿ ‘ಆಸ್ಪತ್ರೆಯಲ್ಲೇ ಕಿವಿ ನೋಡಿದ್ದಾರೆ, ಸರಿಯಿದೆಯಂತೆ’ ಎಂಬ ನೆಮ್ಮದಿಯಲ್ಲಿ ಎರಡು ಮೂರು ವರ್ಷ ಕಳೆದುಹೋಗುತ್ತದೆ.

ಆದ್ದರಿಂದ ತೀವ್ರ ನಿಗಾ ಘಟಕದಲ್ಲಿ ಐದು ದಿನಕ್ಕಿಂತ ಹೆಚ್ಚು ಇದ್ದ, ಅಥವಾ ಮೈಯ ರಕ್ತವನ್ನೇ ಬದಲಿಸಬೇಕಾದ ಮಟ್ಟಕ್ಕೆ ಕಾಮಾಲೆ ಏರಿದ ಪ್ರತಿ ಮಗುವಿಗೂ ಓಎಇ ಜೊತೆ ಎಬಿಆರ್ ಮಾಡಿಸಲೇಬೇಕು. ನಮ್ಮಲ್ಲಿ ಎಲ್ಲರೂ ಇದನ್ನು ‘ಬೆರಾ ಟೆಸ್ಟ್’ ಎನ್ನುತ್ತಾರೆ. ಹಣೆಗೆ ಮತ್ತು ಕಿವಿಯ ಹಿಂದೆ ಪುಟ್ಟ ತಂತಿ ಅಂಟಿಸಿ, ಸದ್ದಿಗೆ ನರ ಮತ್ತು ಮೆದುಳಿನ ಕಾಂಡ ಎಬ್ಬಿಸುವ ಅಲೆಗಳನ್ನು ದಾಖಲಿಸುತ್ತಾರೆ. ತಪಾಸಣೆ 1 ತಿಂಗಳೊಳಗೆ, ಖಚಿತ ರೋಗನಿರ್ಣಯ 3 ತಿಂಗಳೊಳಗೆ, ಶ್ರವಣಯಂತ್ರ ಅಥವಾ ತರಬೇತಿ 6 ತಿಂಗಳೊಳಗೆ ಎಂಬುದು ಜಗತ್ತಿನಾದ್ಯಂತ ಒಪ್ಪಿದ ಗಡುವು. ಒಂದು ಸಲ ಸರಿಯಿದೆ ಎಂದು ಬಂದರೂ ಅಪಾಯದ ಗುಂಪಿನ ಮಗುವಿಗೆ ಸುಮಾರು 9 ತಿಂಗಳಿಗೆ ಮತ್ತೊಮ್ಮೆ ನೋಡಬೇಕು. ಜೆಂಟಾಮೈಸಿನ್, ಅಮಿಕಾಸಿನ್ ಚುಚ್ಚುಮದ್ದು ಐದು ದಿನಕ್ಕಿಂತ ಹೆಚ್ಚು ಪಡೆದ, ಮೆದುಳುಪೊರೆಯ ಸೋಂಕು ಆದ, ಅಥವಾ ತಾಯಿಯ ಗರ್ಭದಲ್ಲೇ ಸೈಟೊಮೆಗಾಲೊ ವೈರಸ್ ತಗುಲಿದ ಮಕ್ಕಳಲ್ಲಿ ಕೇಳುವಿಕೆ ಆಮೇಲೂ ಕುಸಿಯಬಹುದು.

ಬೆರಾ ಪರೀಕ್ಷೆ ಕೆಡುವುದು ಯಂತ್ರದ ದೋಷಕ್ಕಿಂತ ಹೆಚ್ಚಾಗಿ ಸಿದ್ಧತೆಯ ದೋಷದಿಂದ. ಮಗು ಗಾಢ ನಿದ್ದೆಯಲ್ಲಿರಬೇಕು. ಬಿಗಿದ ಕತ್ತು, ಕಡಿಯುವ ದವಡೆ, ಅಳು, ಇವೆಲ್ಲ ಸ್ನಾಯುವಿನ ವಿದ್ಯುತ್ತನ್ನು ಎಬ್ಬಿಸಿ ಆ ಸೂಕ್ಷ್ಮ ಅಲೆಗಳನ್ನು ಮುಳುಗಿಸಿಬಿಡುತ್ತವೆ. ಆ ದಿನ ತಲೆಗೆ, ಹಣೆಗೆ ಎಣ್ಣೆ ಹಚ್ಚಬಾರದು, ತಂತಿ ಅಂಟುವುದಿಲ್ಲ. ಕಿವಿಗೆ ಎಣ್ಣೆ ಬಿಡುವುದನ್ನಂತೂ ಆ ದಿನ ಮಾತ್ರವಲ್ಲ, ಯಾವ ದಿನವೂ ಮಾಡಬಾರದು. ಎಣ್ಣೆ ಮೇಣದ ಜೊತೆ ಸೇರಿ ದಾರಿ ಮುಚ್ಚಿದರೆ ಚೆನ್ನಾಗಿ ಕೇಳುವ ಕಿವಿಯೂ ಪರೀಕ್ಷೆಯಲ್ಲಿ ಬೀಳುತ್ತದೆ. ಮಗುವನ್ನು ಹಿಂದಿನ ರಾತ್ರಿ ಸ್ವಲ್ಪ ತಡವಾಗಿ ಮಲಗಿಸಿ, ಬೆಳಿಗ್ಗೆ ಬೇಗ ಎಬ್ಬಿಸಿ, ಬಸ್ಸಿನಲ್ಲಿ ನಿದ್ದೆ ಹೋಗದಂತೆ ಆಡಿಸುತ್ತ ಕರೆತಂದು, ಅಲ್ಲಿ ಹಾಲು ಕುಡಿಸಿ ಮಲಗಿಸಿದರೆ ಎಷ್ಟೋ ಮಕ್ಕಳಿಗೆ ನಿದ್ದೆಯ ಔಷಧ ಬೇಕಾಗುವುದೇ ಇಲ್ಲ. ಆದರೆ ಫಿಟ್ಸ್ ಇರುವ ಮಗುವಿನ ನಿದ್ದೆ ಕೆಡಿಸಬಾರದು, ಬೆಳಗಿನ ಫಿಟ್ಸ್ ಔಷಧವನ್ನೂ ತಪ್ಪಿಸಬಾರದು. ಅಂಥವರು ದಿನ ಗೊತ್ತು ಮಾಡುವಾಗಲೇ ಈ ವಿಷಯ ತಿಳಿಸಬೇಕು. ನಿದ್ದೆಯ ಔಷಧ ಕೊಡುವುದಿದ್ದರೆ ಹೊಟ್ಟೆ ಎಷ್ಟು ಹೊತ್ತು ಖಾಲಿ ಇರಬೇಕೆಂದೂ ಮೊದಲೇ ಕೇಳಿಕೊಳ್ಳಬೇಕು.

ವರದಿ ಕೈಗೆ ಬಂದಾಗ ‘ಅಲೆ ಇಲ್ಲ’ ಎಂದಿದ್ದರೆ ಪೂರ್ತಿ ಕಿವುಡು ಎಂದು ಅಲ್ಲೇ ತೀರ್ಮಾನಿಸಬಾರದು. ಓಎಇ ಇದ್ದು ಬೆರಾ ಇಲ್ಲದಿದ್ದರೆ ಅದರ ಅರ್ಥ ಸದ್ದು ಹೋಗುತ್ತಿಲ್ಲ ಎಂದಲ್ಲ, ನರದ ಎಳೆಗಳು ಒಂದೇ ಹೊತ್ತಿಗೆ ಮಿಡಿಯುತ್ತಿಲ್ಲ ಎಂದು. ಕ್ಲಿಕ್ ಸದ್ದನ್ನು ಎರಡು ಧ್ರುವದಲ್ಲಿ ಬೇರೆ ಬೇರೆಯಾಗಿ ಕೊಟ್ಟು, ಅಲೆ ತಲೆಕೆಳಗಾಗುತ್ತದೆಯೇ ಎಂದು ನೋಡಿದರೆ ಶಂಖದ್ದು ಯಾವುದು, ನರದ್ದು ಯಾವುದು ಎಂದು ಬೇರ್ಪಡಿಸಬಹುದು. ಇದನ್ನು ಮಾಡಿದ್ದಾರೆಯೇ ಎಂದು ತಂದೆತಾಯಿ ಧೈರ್ಯವಾಗಿ ಕೇಳಬಹುದು. ಕಾಮಾಲೆಯಿಂದ ಕೆಟ್ಟ ಬೆರಾ ಕೆಲವು ಮಕ್ಕಳಲ್ಲಿ ತಿಂಗಳುಗಳ ನಂತರ ಸುಧಾರಿಸುವುದೂ ಉಂಟು. ಅದಕ್ಕೇ ಮೂರು ತಿಂಗಳ ಕೂಸಿಗೆ ಒಂದೇ ವರದಿ ನೋಡಿ ಕಾಕ್ಲಿಯರ್ ಇಂಪ್ಲಾಂಟ್ (ಶಸ್ತ್ರಚಿಕಿತ್ಸೆ ಮಾಡಿ ಶಂಖದೊಳಗೆ ಕೂರಿಸುವ ಶ್ರವಣ ಸಾಧನ) ನಿರ್ಧರಿಸುವಂತಿಲ್ಲ. ಹಾಗೆಂದು ಮರುಪರೀಕ್ಷೆಯನ್ನು ವರ್ಷಗಟ್ಟಲೆ ಮುಂದೂಡುವಂತೆಯೂ ಇಲ್ಲ. ಉಚಿತ ಇಂಪ್ಲಾಂಟ್ ಯೋಜನೆಗಳಿಗೆ ವಯಸ್ಸಿನ ಮಿತಿಯಿದೆ, ಭಾಷೆ ಕಲಿಯುವ ಮೆದುಳಿಗೂ ಇದೆ.

ಮನೆಯಲ್ಲಿ ಬೆನ್ನ ಹಿಂದೆ ನಿಂತು ತಟ್ಟೆ ಬಡಿದು ‘ಬೆಚ್ಚಿಬಿತ್ತು, ಕಿವಿ ಕೇಳುತ್ತೆ’ ಎನ್ನುವುದು ಈ ಮಕ್ಕಳ ವಿಷಯದಲ್ಲಿ ತೀರಾ ಮೋಸದ ಪರೀಕ್ಷೆ. ಮೆದುಳಿಗೆ ಪೆಟ್ಟು ಬಿದ್ದ ಮಗುವಿಗೆ ಬೆಚ್ಚುವ ಪ್ರತಿಕ್ರಿಯೆಯೇ ಜಾಸ್ತಿ. ಗಾಳಿ ಬೀಸಿದರೂ, ಮಂಚ ಅಲುಗಿದರೂ ಬೆಚ್ಚುತ್ತದೆ. ಮೇಲಾಗಿ ತಟ್ಟೆ, ತಮಟೆ, ಗುಡುಗು ಕೇಳಿಸುವುದು ಬೇರೆ, ಮಾತು ಕೇಳಿಸುವುದು ಬೇರೆ. ಕಾಮಾಲೆಯ ಹಾನಿಯಲ್ಲಿ ಮೇಲಿನ ಸ್ಥಾಯಿಯ ಸದ್ದುಗಳು ಹೆಚ್ಚು ಕಳೆದುಹೋಗುತ್ತವೆ. ಕನ್ನಡದಲ್ಲಿ ‘ಸ’, ‘ಶ’, ‘ಚ’ ಇರುವುದು ಅಲ್ಲೇ. ಹಾಗೆ ‘ಸ’ ಬಿದ್ದುಹೋದರೆ ‘ಸಾಕು’ ಎಂಬುದು ‘ಹಾಕು’ವಿನಂತೆ ಕೇಳಿಸುತ್ತದೆ. ತಾಯಿ ಸಾಕೇ ಎಂದು ಕೇಳುತ್ತಾಳೆ, ಮಗು ಬಾಯಿ ತೆರೆಯುತ್ತದೆ. ನೋಡುವವರು ‘ಹೇಳಿದ್ದು ಅರ್ಥವಾಗಲ್ಲ’ ಎನ್ನುತ್ತಾರೆ.

ಇನ್ನೊಂದು ತೊಡಕು, ದೊಡ್ಡ ಮಕ್ಕಳ ಪರೀಕ್ಷೆಯಲ್ಲಿ. ಸದ್ದು ಬಂದ ಕಡೆ ಕತ್ತು ತಿರುಗಿಸಬೇಕು, ಆಗ ಗೊಂಬೆ ಬೆಳಗುತ್ತದೆ ಎಂಬ ವಿಧಾನ ಆರೋಗ್ಯವಂತ ಮಗುವಿಗೆ ಸರಿ. ಕತ್ತೇ ನಿಲ್ಲದ ಮಗು ತಿರುಗಿಸುವುದಾದರೂ ಹೇಗೆ? ತಲೆಗೆ ಆಸರೆ ಕೊಟ್ಟು, ಸೊಂಟ, ಮೊಣಕಾಲು ಮಡಿಚಿ ಗಟ್ಟಿಯಾಗಿ ಕೂರಿಸಿದ ಮೇಲೆ ಕಣ್ಣಿನ ಚಲನೆ, ಚೀಪುವುದು ನಿಂತದ್ದು, ಉಸಿರು ಬದಲಾದದ್ದು, ಕೈಕಾಲು ಸ್ತಬ್ಧವಾದದ್ದನ್ನೇ ಉತ್ತರವೆಂದು ಎಣಿಸಬೇಕು. ಪರೀಕ್ಷೆ ಮಾಡುವವರಿಗೆ ಇದಕ್ಕೆ ಎರಡು ಮೂರು ಭೇಟಿ ಬೇಕಾಗುತ್ತದೆ. ಮನೆಯವರೂ ಬೇಸರಪಡದೆ ಬರಬೇಕು.

ಶ್ರವಣಯಂತ್ರ ಕೊಟ್ಟ ಮೇಲೂ ಅದು ಪೆಟ್ಟಿಗೆ ಸೇರುವುದಕ್ಕೆ ಮುಖ್ಯ ಕಾರಣ ಕೀರಲು ಸದ್ದು. ಮಗುವಿನ ತಲೆ ಒಂದು ಕಡೆಗೆ ವಾಲಿ ಕುರ್ಚಿಯ ಆಸರೆಗೋ ತಾಯಿಯ ತೋಳಿಗೋ ಕಿವಿ ಒತ್ತಿದಾಗ ಯಂತ್ರ ಕೀಚಲು ಶುರುಮಾಡುತ್ತದೆ. ಮನೆಯವರು ‘ಮಗುವಿಗೆ ಕಿರಿಕಿರಿ’ ಎಂದು ಆರಿಸುತ್ತಾರೆ. ತಲೆಯಾಸರೆಯಲ್ಲಿ ಕಿವಿಯ ಜಾಗಕ್ಕೆ ಸ್ಪಂಜು ಕೊರೆದು ಗುಳಿ ಮಾಡಿಸಿದರೆ, ಯಂತ್ರವನ್ನು ಕಿವಿಗೆ ಕೂರಿಸುವ ಅಚ್ಚನ್ನು ಮೊದಲ ವರ್ಷದಲ್ಲಿ ಸುಮಾರು ಮೂರು ತಿಂಗಳಿಗೊಮ್ಮೆ ಹೊಸದಾಗಿ ಹಾಕಿಸಿದರೆ ಈ ತೊಂದರೆ ಬಹಳ ಮಟ್ಟಿಗೆ ನಿಲ್ಲುತ್ತದೆ. ಜೊಲ್ಲು ಹರಿದು ಯಂತ್ರ ಒದ್ದೆಯಾಗುವ ಮಕ್ಕಳಿಗೆ ರಾತ್ರಿ ಸಿಲಿಕಾ ಜೆಲ್ ಪೊಟ್ಟಣವಿರುವ ಬಿಗಿ ಡಬ್ಬಿಯಲ್ಲಿಡಬೇಕು. ಬ್ಯಾಟರಿ ಬಾಗಿಲಿಗೆ ಬೀಗವಿರುವ ಮಾದರಿಯನ್ನೇ ಕೇಳಿ. ಬಾಯಿಗೆ ಹಾಕಿಕೊಳ್ಳುವ ಮಗುವಿಗೆ ಆ ಗುಂಡಿ ಬ್ಯಾಟರಿ ಅಪಾಯ.

ಕಣ್ಣಿಗೆ ಬರೋಣ. ಇಲ್ಲಿ ಎರಡು ಬೇರೆ ಬೇರೆ ತೊಂದರೆಗಳಿವೆ, ಜನ ಒಂದೇ ಎಂದುಕೊಳ್ಳುತ್ತಾರೆ. ಮೊದಲನೆಯದು ಕಣ್ಣಿನ ಒಳಪರದೆಯದು. 34 ವಾರಕ್ಕೆ ಮೊದಲು ಅಥವಾ 2,000 ಗ್ರಾಂಗಿಂತ ಕಡಿಮೆ ತೂಕದಲ್ಲಿ ಹುಟ್ಟಿದ ಮಗುವಿಗೆ ಒಳಪರದೆಯ ರಕ್ತನಾಳ ಇನ್ನೂ ಪೂರ್ತಿ ಬೆಳೆದಿರುವುದಿಲ್ಲ. ಆಮೇಲೆ ಅಡ್ಡಾದಿಡ್ಡಿ ಬೆಳೆದು ಪರದೆಯನ್ನೇ ಎಳೆದು ಕೀಳಬಹುದು. ಹುಟ್ಟಿ 30 ದಿನದೊಳಗೆ, ತೀರಾ ಸಣ್ಣ ಮಕ್ಕಳಿಗೆ ಎರಡು ಮೂರು ವಾರದಲ್ಲೇ, ಕಣ್ಣಿನ ಪಾಪೆ ಹಿಗ್ಗಿಸಿ ನೋಡಬೇಕು. ಚಿಕಿತ್ಸೆ ಬೇಕೆಂದು ಕಂಡರೆ ಎರಡು ಮೂರು ದಿನದೊಳಗೆ ಲೇಸರ್ ಅಥವಾ ಚುಚ್ಚುಮದ್ದು ಆಗಬೇಕು. ಇದರಲ್ಲಿ ನಮ್ಮ ರಾಜ್ಯ ದೇಶಕ್ಕೇ ದಾರಿ ತೋರಿಸಿದೆ. ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಆರಂಭಿಸಿದ ಕಿಡ್ರಾಪ್ ಕಾರ್ಯಕ್ರಮದಲ್ಲಿ ತರಬೇತಾದ ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆಗಳ ಶಿಶು ಘಟಕಗಳಿಗೇ ಹೋಗಿ ಚಿತ್ರ ತೆಗೆಯುತ್ತಾರೆ, ತಜ್ಞರು ದೂರದಿಂದಲೇ ನೋಡಿ ಹೇಳುತ್ತಾರೆ. ಕಣ್ಣಿಗೆ ಇದು ಸಾಧ್ಯವಾದರೆ ಬೆರಾ ಯಂತ್ರವೂ ಹಾಗೆಯೇ ಊರೂರಿಗೆ ಹೋಗಬಹುದು ಎಂಬುದು ನಮ್ಮ ದೃಢ ನಂಬಿಕೆ.

ಎರಡನೆಯದು ಕಣ್ಣು ಚೆನ್ನಾಗಿದ್ದೂ ಮೆದುಳು ನೋಡಲಾಗದ ಸ್ಥಿತಿ, ಸಿವಿಐ. ಕಣ್ಣಿನ ವೈದ್ಯರು ‘ಕಣ್ಣಿನಲ್ಲಿ ದೋಷವಿಲ್ಲ’ ಎನ್ನುತ್ತಾರೆ, ಅದು ನಿಜ. ಮನೆಯವರು ‘ನಮ್ಮನ್ನು ನೋಡುವುದೇ ಇಲ್ಲ’ ಎನ್ನುತ್ತಾರೆ, ಅದೂ ನಿಜ. ಉಸಿರುಗಟ್ಟಿದ ಮಕ್ಕಳಲ್ಲಿ ಇದು ಬರುತ್ತದೆ. ಹುಟ್ಟಿದ ಮೊದಲ ಎರಡು ಮೂರು ದಿನ ರಕ್ತದ ಸಕ್ಕರೆ ಕುಸಿದ ಮಕ್ಕಳಲ್ಲೂ ಬರುತ್ತದೆ. ಸಕ್ಕರೆಯ ಕೊರತೆ ಮುಖ್ಯವಾಗಿ ಬಾಧಿಸುವುದು ತಲೆಯ ಹಿಂಭಾಗದ, ನೋಟದ ಮೆದುಳನ್ನೇ. ‘ಹಾಲು ಇನ್ನೂ ಇಳಿದಿಲ್ಲ’ ಎಂದು ಮೊದಲ ದಿನ ಜೇನು, ಸಕ್ಕರೆ ನೀರು ನೆಕ್ಕಿಸುತ್ತ ಕಾಯುವ ಪದ್ಧತಿಯನ್ನು ಇದಕ್ಕಾಗಿಯೇ ಬಿಡಬೇಕು. ಹುಟ್ಟಿದ ಒಂದು ಗಂಟೆಯೊಳಗೆ ಮೊಲೆಗೆ ಹಚ್ಚಬೇಕು. ಸಣ್ಣ ತೂಕದ ಕೂಸು, ಸಕ್ಕರೆ ಕಾಯಿಲೆಯ ತಾಯಿಯ ಕೂಸು ಆದರೆ ಹಿಮ್ಮಡಿಯಿಂದ ಹನಿ ರಕ್ತ ತೆಗೆದು ಸಕ್ಕರೆ ನೋಡಲೇಬೇಕು.

ಸಿವಿಐ ಇರುವ ಮಗುವಿನ ನೋಟಕ್ಕೆ ಅದರದೇ ಲಕ್ಷಣಗಳಿವೆ. ದೀಪವನ್ನೇ ದಿಟ್ಟಿಸುತ್ತದೆ. ನಿಂತ ವಸ್ತುವಿಗಿಂತ ಅಲುಗುವ ವಸ್ತು ಬೇಗ ಕಾಣುತ್ತದೆ. ಕೆಂಪೋ ಹಳದಿಯೋ ಒಂದು ಬಣ್ಣ ಹೆಚ್ಚು ಸೆಳೆಯುತ್ತದೆ. ತೋರಿಸಿದ ಕೂಡಲೇ ನೋಡುವುದಿಲ್ಲ, ಐದಾರು ಸೆಕೆಂಡು ಬಿಟ್ಟು ನೋಡುತ್ತದೆ, ಅಷ್ಟರಲ್ಲಿ ನಾವು ವಸ್ತು ತೆಗೆದಿರುತ್ತೇವೆ. ಕೈ ಚಾಚುವಾಗ ಮುಖ ಬೇರೆ ಕಡೆ ತಿರುಗಿಸುತ್ತದೆ, ಏಕೆಂದರೆ ನೋಡುವುದು ಮತ್ತು ಹಿಡಿಯುವುದು ಎರಡನ್ನೂ ಒಟ್ಟಿಗೆ ನಿಭಾಯಿಸಲಾಗುವುದಿಲ್ಲ. ಇದನ್ನು ಹಟ ಎಂದು ಗದರುವವರೇ ಹೆಚ್ಚು.

ಮನೆಯಲ್ಲಿ ಮಾಡಬೇಕಾದದ್ದು ದುಬಾರಿಯದ್ದಲ್ಲ. ಹೂಬಳ್ಳಿಯ ಹೊದಿಕೆಯ ಮೇಲೆ ಮಲಗಿಸಿ ಬಣ್ಣದ ಆಟಿಕೆ ತೋರಿಸಿದರೆ ಆಟಿಕೆ ಹೂವಿನಲ್ಲಿ ಕಳೆದುಹೋಗುತ್ತದೆ. ಕಪ್ಪು ಬಟ್ಟೆಯೊಂದನ್ನು ಹಾಸಿ, ಒಂದೇ ವಸ್ತು ಇಡಿ. ಹೊಳೆಯುವ ಸ್ಟೀಲ್ ತಟ್ಟೆಯಲ್ಲಿ ಟ್ಯೂಬ್‌ಲೈಟಿನ ಬೆಳಕೇ ಕಾಣುತ್ತದೆ, ಅನ್ನ ಕಾಣುವುದಿಲ್ಲ. ಇಡ್ಲಿ, ಅನ್ನಕ್ಕೆ ಹೊಳಪಿಲ್ಲದ ಗಾಢ ಬಣ್ಣದ ತಟ್ಟೆ, ಮುದ್ದೆಗೆ ತಿಳಿ ಹಳದಿ ತಟ್ಟೆ. ನೋಡಲಿ ಎಂದಾಗ ಮಾತಾಡಿಸಬೇಡಿ, ಟಿವಿ ಆರಿಸಿ. ಅಂಗನವಾಡಿಯ ಗೋಡೆ ತುಂಬ ಚಿತ್ರವಿರುತ್ತದೆ. ಉಳಿದ ಮಕ್ಕಳಿಗೆ ಅದು ಖುಷಿ, ಈ ಮಗುವನ್ನು ಖಾಲಿ ಗೋಡೆಯ ಕಡೆ ಮುಖ ಮಾಡಿ ಕೂರಿಸಬೇಕು. ಅವಧಿಗೆ ಮೊದಲು ಹುಟ್ಟಿ ಕಾಲು ಬಿಗಿಯಾಗಿರುವ ಮಕ್ಕಳಲ್ಲಿ ನೋಟದ ಕೆಳಭಾಗ ಕಾಣದಿರುವುದು ಸಾಮಾನ್ಯ. ಹೊಸ್ತಿಲು ಎಡವುತ್ತದೆ, ಮಡಿಲಿನಲ್ಲಿಟ್ಟ ಪುಸ್ತಕ ನೋಡುವುದಿಲ್ಲ. ತಟ್ಟೆಯನ್ನೂ ಪುಸ್ತಕವನ್ನೂ ಓರೆ ಹಲಗೆಯ ಮೇಲೆ ಎತ್ತರಿಸಿ ಇಟ್ಟರೆ ಚಿತ್ರವೇ ಬದಲಾಗುತ್ತದೆ. ಕಾಮಾಲೆಯಿಂದ ಮೆದುಳಿಗೆ ಹಾನಿಯಾದ ಮಕ್ಕಳಲ್ಲಿ ಇದಕ್ಕೆ ತದ್ವಿರುದ್ಧ. ಅವರಿಗೆ ಕಣ್ಣುಗುಡ್ಡೆಯನ್ನು ಮೇಲಕ್ಕೆ ಎತ್ತಲಾಗುವುದಿಲ್ಲ, ಹಲಗೆ ಎದೆಮಟ್ಟದಲ್ಲಿ ಇರಬೇಕು. ಮೈ ತಿರುಚುವ ಚಲನೆ, ಮೇಲೆ ನೋಡಲಾಗದ ಕಣ್ಣು, ಹಾಲುಹಲ್ಲಿನ ಹೊರಕವಚ ಸರಿಯಾಗಿ ಬೆಳೆಯದಿರುವುದು, ಇವು ಒಟ್ಟಿಗೆ ಕಂಡರೆ ಕಿವಿಯ ಬೆರಾ ಆಗಿದೆಯೇ ಎಂದು ಮೊದಲು ವಿಚಾರಿಸಿ. ನಾಲ್ಕೂ ಒಂದೇ ಕಾಮಾಲೆಯ ಗುರುತುಗಳು.

ಸಾಮಾನ್ಯ ಕನ್ನಡಕದ ದೋಷವೂ ಈ ಮಕ್ಕಳಲ್ಲಿ ಹೆಚ್ಚು, ಅದರ ಜೊತೆಗೆ ಹತ್ತಿರದ ವಸ್ತುವಿಗೆ ನೋಟ ಹೊಂದಿಸಿಕೊಳ್ಳುವ ಶಕ್ತಿಯೂ ಕಡಿಮೆ. ದೂರದ ನಂಬರ್ ಮಾತ್ರ ನೋಡಿ ಕಳಿಸಿದರೆ ಇದು ಸಿಗುವುದಿಲ್ಲ. ‘ಹತ್ತಿರದ ಫೋಕಸ್ ನೋಡಿ’ ಎಂದು ಕೇಳಿ ಪರೀಕ್ಷೆ ಮಾಡಿಸಬೇಕು, ಬೇಕಿದ್ದರೆ ಎಳೆಯ ವಯಸ್ಸಿಗೇ ಬೈಫೋಕಲ್ ಹಾಕಿಸಬೇಕು. ಒಂದು ಎಚ್ಚರಿಕೆ: ಮೊದಲು ನೋಡಿ ನಗುತ್ತಿದ್ದ ಕೂಸು ಇದ್ದಕ್ಕಿದ್ದಂತೆ ನೋಡುವುದನ್ನು, ನಗುವುದನ್ನು ನಿಲ್ಲಿಸಿ, ನಿದ್ದೆಯಿಂದ ಏಳುವಾಗ ಮೇಲಿಂದ ಮೇಲೆ ಕೈಚಾಚಿ ತಲೆ ಬಗ್ಗಿಸುವಂತೆ ಕುಲುಕಿದರೆ ಅದು ಬಿಕ್ಕಳಿಕೆಯೂ ಅಲ್ಲ, ಹೊಟ್ಟೆನೋವೂ ಅಲ್ಲ. ಶಿಶುಗಳ ಒಂದು ಬಗೆಯ ಫಿಟ್ಸ್. ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡು ಅಂದೇ ಮಕ್ಕಳ ವೈದ್ಯರಿಗೆ ತೋರಿಸಬೇಕು, ಮೆದುಳಿನ ವಿದ್ಯುತ್ ಅಲೆ ನೋಡುವ ಇಇಜಿ ಪರೀಕ್ಷೆ ಮಾಡಿಸಬೇಕು.

ಇನ್ನು ಮಾತು. ಮಾತು ತಡವಾದಾಗ ನಮ್ಮಲ್ಲಿ ಮೊದಲು ಆಗುವುದು ಬಜೆ ತೇಯ್ದು ನಾಲಿಗೆಗೆ ಹಚ್ಚುವುದು, ಆಮೇಲೆ ನಾಲಿಗೆ ಕೆಳಗಿನ ದಾರ ಕತ್ತರಿಸುವುದು. ಎರಡರಿಂದಲೂ ಈ ಮಕ್ಕಳಿಗೆ ಮಾತು ಬರುವುದಿಲ್ಲ. ತೊಡಕಿರುವುದು ನಾಲಿಗೆಯ ಮಾಂಸದಲ್ಲಲ್ಲ, ಅದಕ್ಕೆ ಆಜ್ಞೆ ಹೋಗುವ ದಾರಿಯಲ್ಲಿ. ಒಂದು ಉದಾಹರಣೆ ನೋಡಿ. ‘ಅಮ್ಮ ಅಂತಾನೆ, ಅಪ್ಪ ಅನ್ನಲ್ಲ’ ಎಂದು ತಂದೆ ನೊಂದುಕೊಳ್ಳುವುದುಂಟು. ‘ಮ್ಮ’ಗೆ ತುಟಿ ಮುಚ್ಚಿ ಗಾಳಿಯನ್ನು ಮೂಗಿನಿಂದ ಬಿಟ್ಟರೆ ಸಾಕು. ‘ಪ್ಪ’ಗೆ ತುಟಿ ಮುಚ್ಚುವಾಗಲೇ ಕಿರುನಾಲಿಗೆಯ ಮೆದು ಅಂಗುಳ ಮೇಲೆದ್ದು ಮೂಗಿನ ದಾರಿ ಮುಚ್ಚಬೇಕು, ಬಾಯಲ್ಲಿ ಗಾಳಿ ಒತ್ತಡ ಕಟ್ಟಬೇಕು, ಆಮೇಲೆ ಸಿಡಿಸಬೇಕು. ಅಂಗುಳ ಏಳದ ಮಗು ‘ಅಪ್ಪ’ ಎಂದರೂ ಅದು ‘ಅಮ್ಮ’ ಎಂದೇ ಹೊರಬರುತ್ತದೆ, ‘ಬಸ್ಸು’ ‘ಮಸ್ಸು’ ಆಗುತ್ತದೆ. ಮಗು ತಂದೆಯನ್ನು ಕರೆಯುತ್ತಲೇ ಇರಬಹುದು.

ಪೀಪಿ ಊದಿಸುವುದು, ನಾಲಿಗೆ ಅತ್ತಿತ್ತ ಆಡಿಸುವ ವ್ಯಾಯಾಮಗಳಿಂದ ಮಾತು ಸುಧಾರಿಸುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ. ಕೂರುವ ಭಂಗಿ, ಉಸಿರು, ಮಾತನ್ನೇ ನಿಧಾನವಾಗಿ, ಚಿಕ್ಕ ಚಿಕ್ಕ ತುಂಡಾಗಿ ಆಡಿಸುವ ಅಭ್ಯಾಸಕ್ಕೆ ಆ ಸಮಯ ಕೊಡುವುದು ಮೇಲು. ಜೊಲ್ಲು ಸುರಿಯುವುದು ಬಾಯಲ್ಲಿ ನೀರು ಹೆಚ್ಚಾಗಿ ಅಲ್ಲ, ನುಂಗುವುದು ಕಡಿಮೆಯಾಗಿ. ಊಟದ ಭಂಗಿಯೂ ಇದಕ್ಕೆ ತಳುಕು ಹಾಕಿಕೊಂಡಿದೆ. ಕಾಲ ಮೇಲೆ ಅಂಗಾತ ಮಲಗಿಸಿ, ತಲೆ ಹಿಂದಕ್ಕೆ ವಾಲಿಸಿ ಒಳಲೆಯಲ್ಲಿ ಹಾಲು, ರಾಗಿ ಸರಿ ಸುರಿದರೆ ಅದು ಶ್ವಾಸನಾಳಕ್ಕೆ ಇಳಿದು ಪದೇ ಪದೇ ಕಫ, ನ್ಯುಮೋನಿಯಾ ಆಗುತ್ತದೆ. ಗಂಟಲಿನಿಂದ ಮಧ್ಯಕಿವಿಗೆ ಹೋಗುವ ಕೊಳವೆಗೂ ಸೇರಿ ಕಿವಿಯೊಳಗೆ ನೀರು ಕಟ್ಟಬಹುದು, ಇರುವ ಕೇಳುವಿಕೆಯೂ ಮಂದವಾಗುತ್ತದೆ. ಕೂರಿಸಿ, ಗದ್ದ ಸ್ವಲ್ಪ ಎದೆಯ ಕಡೆ ಬಾಗಿಸಿ, ಅರ್ಧ ಚಮಚ ಕೊಟ್ಟು, ನುಂಗಿದ್ದು ಖಚಿತವಾದ ಮೇಲೆ ಮುಂದಿನ ತುತ್ತು. ಹೀಗೆ ನೀರು ಕಟ್ಟಿದೆಯೇ ಎಂದು ನೋಡಲು ಆರು ತಿಂಗಳೊಳಗಿನ ಕೂಸಿನ ಮಧ್ಯಕಿವಿ ಪರೀಕ್ಷೆಯನ್ನು 1,000 ಹರ್ಟ್ಸ್ ಸದ್ದಿನಲ್ಲಿ ಮಾಡಬೇಕು, ದೊಡ್ಡವರ 226 ಹರ್ಟ್ಸ್‌ನಲ್ಲಿ ನೀರಿದ್ದರೂ ಸರಿಯಿದೆ ಎಂದೇ ತೋರಬಹುದು.

ಮಾತು ಬರಲಿ ಎಂದು ಕಾಯುವ ವರ್ಷಗಳಲ್ಲಿ ಮಗು ತನ್ನ ಮನಸ್ಸಿನದ್ದನ್ನು ಹೇಳುವುದು ಬೇಡವೇ? ಬೇಕಾದದ್ದನ್ನು ತೋರಿಸಿ ಹೇಳಲು ಚಿತ್ರಗಳ ಹಲಗೆ ಕೊಟ್ಟರೆ ಮಾತು ಬರುವುದೇ ನಿಂತುಹೋಗುತ್ತದೆ ಎಂಬ ಭಯ ಬೇಡ. ಚಿತ್ರಹಲಗೆ, ಸನ್ನೆಗಳು ಮಾತನ್ನು ತಡೆಯುವುದಿಲ್ಲ ಎಂಬುದು ಖಚಿತವಾಗಿದೆ. ಮೊದಲು ‘ಹೌದು’ ಎನ್ನಲು ಮಗುವಿನ ಮೈಯಲ್ಲಿ ತಪ್ಪದೆ ಬರುವ ಒಂದು ಚಲನೆ ಹುಡುಕಿ. ಮೇಲೆ ನೋಡುವುದನ್ನು ‘ಹೌದು’ ಮಾಡುವುದು ರೂಢಿ, ಆದರೆ ಕಾಮಾಲೆಯ ಮಗುವಿಗೆ ಅದು ಆಗದು. ಕಣ್ಣು ಒತ್ತಿ ಮುಚ್ಚುವುದೋ ಬಲಕ್ಕೆ ನೋಡುವುದೋ ಇರಲಿ. ಆರಂಭಕ್ಕೆ ಬೇಕು, ಬೇಡ, ಸಾಕು, ಇನ್ನೂ, ನೋವು, ಟಾಯ್ಲೆಟ್, ಇಷ್ಟು ಚಿತ್ರ, ಅಂಗೈ ಅಗಲ ಒಂದೊಂದು, ನಡುವೆ ಖಾಲಿ ಜಾಗ. ಪ್ರಶ್ನೆ ಕೇಳಿ ಮನಸ್ಸಿನಲ್ಲಿ ಹತ್ತು ಎಣಿಸಿ. ನಾವು ಎರಡು ಎಣಿಸುವಷ್ಟರಲ್ಲಿ ಮತ್ತೆ ಕೇಳುತ್ತೇವೆ, ಮಗು ಕೂಡಿಸಿಕೊಂಡ ಉತ್ತರ ಅಲ್ಲಿಗೆ ಚೆದುರಿಹೋಗುತ್ತದೆ.

ಅಕ್ಷರ ಕಲಿತ ಮಗುವಿಗೆ ಕನ್ನಡ ವರ್ಣಮಾಲೆಯೇ ದೊಡ್ಡ ವರ. ಹಲಗೆಯ ಮೇಲೆ ಕ, ಚ, ಟ, ತ, ಪ ಎಂದು ಐದು ವರ್ಗಗಳ ಐದು ಸಾಲು, ಸಾಲಿಗೆ ಐದು ಅಕ್ಷರ. ಎದುರು ಕೂತವರು ಒಂದೊಂದೇ ಸಾಲನ್ನು ಹೇಳುತ್ತ ಬೆರಳಿಡಬೇಕು, ಮಗು ಕಣ್ಣು ಮುಚ್ಚಿದ ಸಾಲಿನಲ್ಲಿ ನಿಂತು ಅಕ್ಷರಗಳನ್ನು ಹೇಳಬೇಕು. ಇಪ್ಪತ್ತೈದು ಅಕ್ಷರಕ್ಕೆ ಹೆಚ್ಚೆಂದರೆ ಹತ್ತು ಸಲ ಕೇಳಿದರೆ ಮುಗಿಯಿತು. ಯ ರ ಲ ವ ಒಂದು ಸಾಲು, ಶ ಷ ಸ ಹ ಳ ಇನ್ನೊಂದು. ಕಾಗುಣಿತ, ಒತ್ತಕ್ಷರ ಮೊದಲಿಗೆ ಬೇಡ. ‘ನ’, ‘ರ’ ಎಂದು ಬಂದರೆ ‘ನೀರಾ? ನರಿ ಕತೆಯಾ?’ ಎಂದು ಕೇಳಿದರೆ ಮಗುವೇ ಆರಿಸುತ್ತದೆ.

ಸರ್ಕಾರದಿಂದ ನಾವು ಕೇಳುವುದು ಹೊಸ ಯೋಜನೆಯನ್ನಲ್ಲ. 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವಿದೆ, ಅದರಡಿ ಜಿಲ್ಲಾ ಮಟ್ಟದ ಶೀಘ್ರ ಮಧ್ಯಸ್ಥಿಕೆ ಕೇಂದ್ರಗಳಿವೆ. ಆಶಾ ಕಾರ್ಯಕರ್ತೆಯರು ಹೆರಿಗೆಯಾದ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬರುತ್ತಾರೆ. 3ನೇ ದಿನದ ಭೇಟಿಯಲ್ಲಿ ಅಂಗೈ, ಅಂಗಾಲು ಹಳದಿಯೇ ಎಂದು ಹಗಲು ಬೆಳಕಿನಲ್ಲಿ ನೋಡಿದರೆ, ಎಳೆಬಿಸಿಲಿಗೆ ಹಿಡಿಯುತ್ತ, ನಾಟಿ ಔಷಧಕ್ಕೆ ಅಲೆಯುತ್ತ ಕೂರದೆ ಅಂದೇ ಆಸ್ಪತ್ರೆಗೆ ಕಳಿಸಿದರೆ, ಈ ಪತ್ರದಲ್ಲಿ ಹೇಳಿದ ಅರ್ಧ ಕಷ್ಟ ಹುಟ್ಟುವುದೇ ಇಲ್ಲ. ಹುಟ್ಟಿದ 24 ಗಂಟೆಯೊಳಗೆ ಕಾಣುವ ಕಾಮಾಲೆಯಂತೂ ಎಂದಿಗೂ ‘ಎಲ್ಲ ಮಕ್ಕಳಿಗೂ ಬರುವಂಥದ್ದು’ ಅಲ್ಲ. ತಾಯಿ ಕಾರ್ಡಿನಲ್ಲಿ ಲಸಿಕೆಯ ಪಟ್ಟಿಯ ಪಕ್ಕ ಎರಡು ಸಾಲು ಸೇರಿಸಿ: ಬೆರಾ ಆದ ದಿನ, ಬಲ ಮತ್ತು ಎಡ ಕಿವಿಯ ಫಲ, ಒಳಪರದೆ ನೋಡಿದ ದಿನ, ಮುಂದಿನ ದಿನ. ಶಿಶು ಘಟಕದಿಂದ ಬಿಡುಗಡೆ ಮಾಡುವಾಗ ಕೊಡುವ ಕಾಗದದಲ್ಲಿ ಎಷ್ಟು ವಾರಕ್ಕೆ ಹುಟ್ಟಿತು, ತೂಕ, ಬಿಲಿರುಬಿನ್ ಅತಿ ಹೆಚ್ಚು ಎಷ್ಟಿತ್ತು, ಸಕ್ಕರೆ ಅತಿ ಕಡಿಮೆ ಎಷ್ಟಿತ್ತು, ಜೆಂಟಾಮೈಸಿನ್ ಅಥವಾ ಅಮಿಕಾಸಿನ್ ಎಷ್ಟು ದಿನ, ಮಾಡಿದ ಕಿವಿ ಪರೀಕ್ಷೆ ಓಎಇಯೋ ಬೆರಾವೋ ಎಂದು ಸ್ಪಷ್ಟವಾಗಿ ಬರೆಯಿರಿ. ‘ಹಿಯರಿಂಗ್ ನಾರ್ಮಲ್’ ಎಂಬ ಎರಡು ಪದ ಯಾರ ಉಪಯೋಗಕ್ಕೂ ಬರುವುದಿಲ್ಲ.

ಅಂಗವಿಕಲರ ಗುರುತಿನ ಚೀಟಿಯಲ್ಲೂ ಇದೇ ಕತೆ. 2016ರ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯಗಳಿವೆ, ಬಹುವಿಧ ಅಂಗವೈಕಲ್ಯವೂ ಅದರಲ್ಲಿದೆ. ಸೆರೆಬ್ರಲ್ ಪಾಲ್ಸಿ ಎಂದಷ್ಟೇ ಬರೆಸಿಕೊಂಡು ಬಂದರೆ ಕಿವಿ, ಕಣ್ಣು, ಮಾತಿನ ಸವಲತ್ತು ಕೇಳಲು ದಾಖಲೆಯೇ ಇರುವುದಿಲ್ಲ. ಬೆರಾ ವರದಿ, ಕಣ್ಣಿನ ವರದಿ, ವಾಕ್ ಚಿಕಿತ್ಸಕರ ವರದಿ ಮೂರನ್ನೂ ಅರ್ಜಿಯ ಜೊತೆ ಲಗತ್ತಿಸಿ. ಊರಿನ ಹತ್ತಿರ ಪರೀಕ್ಷೆಗೆ ವ್ಯವಸ್ಥೆಯಿಲ್ಲದವರು ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಬರಬಹುದು. ಕಿವಿ ಮತ್ತು ಮಾತು ಎರಡನ್ನೂ ಅಲ್ಲಿ ಒಂದೇ ಕಡೆ ನೋಡುತ್ತಾರೆ.

ಕೊನೆಗೆ ತಮ್ಮಲ್ಲಿ ಒಂದು ವಿನಂತಿ. ಮೇಲೆ ಹೇಳಿದ ವರ್ಗಾಕ್ಷರ ಹಲಗೆಯ ನಕ್ಷೆಯನ್ನು ಈ ಪತ್ರದ ಜೊತೆ ಕಳಿಸಿದ್ದೇವೆ. ಜಾಗ ಸಾಧ್ಯವಾದರೆ ಅರ್ಧ ಪುಟದಷ್ಟು ದೊಡ್ಡದಾಗಿ, ಬಿಳಿಯ ಮೇಲೆ ದಪ್ಪ ಕಪ್ಪು ಅಕ್ಷರದಲ್ಲಿ, ಸುತ್ತ ಅಲಂಕಾರವಿಲ್ಲದೆ ಅಚ್ಚು ಮಾಡಿ. ಬೇಕಾದವರು ಕತ್ತರಿಸಿ ರಟ್ಟಿಗೆ ಅಂಟಿಸಿಕೊಳ್ಳುತ್ತಾರೆ.

ಇಂತಿ,
ಕೆಲವು ವಾಕ್-ಶ್ರವಣ ಚಿಕಿತ್ಸಕರು ಮತ್ತು ವಿಶೇಷ ಶಿಕ್ಷಕರು,
ಮೈಸೂರು